ಧಾತುವೇ, ಸಂಯುಕ್ತವೇ, ಮಿಶ್ರಣವೇ? ಕೈಯಲ್ಲಿರುವ ವಸ್ತುವನ್ನು ಗುರುತಿಸುವ ಕ್ರಮ

ಧಾತು ಎಂದರೆ ಒಂದೇ ಬಗೆಯ ಪರಮಾಣುಗಳಿಂದಾದ ವಸ್ತು. ಎರಡು ಅಥವಾ ಹೆಚ್ಚು ಧಾತುಗಳು ನಿಶ್ಚಿತ ಪ್ರಮಾಣದಲ್ಲಿ ರಾಸಾಯನಿಕವಾಗಿ ಕೂಡಿದಾಗ ಆಗುವುದು ಸಂಯುಕ್ತ. ರಾಸಾಯನಿಕವಾಗಿ ಕೂಡದೆ, ಯಾವ ಪ್ರಮಾಣದಲ್ಲಿ ಬೇಕಾದರೂ ಬೆರೆತಿರುವುದು ಮಿಶ್ರಣ. ಈ ಮೂರು ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. ಆದರೆ ಬಿಳಿಯ ಪುಡಿಯೊಂದನ್ನೋ ಬಣ್ಣವಿಲ್ಲದ ದ್ರವವೊಂದನ್ನೋ ಮುಂದಿಟ್ಟು, ಇದು ಈ ಮೂರರಲ್ಲಿ ಯಾವುದು ಎಂದು ಕೇಳಿದರೆ ವ್ಯಾಖ್ಯೆಗಳು ಅಷ್ಟಾಗಿ ನೆರವಿಗೆ ಬರುವುದಿಲ್ಲ. ಏಕೆಂದರೆ ಅವು ಮಾತನಾಡುವುದು ಪರಮಾಣುಗಳ ಬಗ್ಗೆ, ಪರಮಾಣುಗಳು ಕಣ್ಣಿಗೆ ಕಾಣುವುದಿಲ್ಲ. ಹದಿನೆಂಟನೆಯ ಶತಮಾನದ ರಸಾಯನಶಾಸ್ತ್ರಜ್ಞರಿಗೂ ಅವು ಕಂಡಿರಲಿಲ್ಲ. ಆದರೂ ಅವರು ಈ ಮೂರನ್ನು ಬಹುಮಟ್ಟಿಗೆ ಸರಿಯಾಗಿಯೇ ಬೇರ್ಪಡಿಸಿದರು. ಅದಕ್ಕೆ ಅವರು ನೆಚ್ಚಿಕೊಂಡದ್ದು ತಕ್ಕಡಿಯನ್ನು, ಉಷ್ಣತಾಮಾಪಕವನ್ನು ಮತ್ತು ಸರಿಯಾದ ಕ್ರಮದಲ್ಲಿ ಕೇಳಿದ ಪ್ರಶ್ನೆಗಳನ್ನು. ಆ ಕ್ರಮವನ್ನೇ ಇಲ್ಲಿ ಹೆಜ್ಜೆಹೆಜ್ಜೆಯಾಗಿ ವಿವರಿಸಲಾಗಿದೆ.

ಕ್ರಮಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ‘ಇದು ಧಾತುವೇ ಸಂಯುಕ್ತವೇ’ ಎಂಬ ಪ್ರಶ್ನೆಗೆ ಅರ್ಥ ಬರುವುದು, ಕೈಯಲ್ಲಿರುವುದು ಒಂದೇ ಶುದ್ಧ ವಸ್ತು ಎಂಬುದು ಖಚಿತವಾದ ಮೇಲೆ ಮಾತ್ರ. ಮಿಶ್ರಣವನ್ನು ಮಿಶ್ರಣವೆಂದು ಗುರುತಿಸದೆ ಅದರ ಮೇಲೆ ರಾಸಾಯನಿಕ ಪರೀಕ್ಷೆ ನಡೆಸಿದರೆ ಬರುವ ಫಲಿತಾಂಶ ಯಾವ ಘಟಕಕ್ಕೆ ಸೇರಿದ್ದು ಎಂಬುದೇ ತಿಳಿಯುವುದಿಲ್ಲ. ಆದ್ದರಿಂದ ಮೊದಲು ‘ಒಂದೋ, ಹಲವೋ’ ಎಂದು ಕೇಳಬೇಕು. ‘ಸರಳವೋ, ಕೂಡಿದ್ದೋ’ ಎಂಬುದು ಅನಂತರದ ಪ್ರಶ್ನೆ.

ಮೊದಲ ಹೆಜ್ಜೆ: ಕಣ್ಣಿಗೆ ಕಾಣುವುದನ್ನು ಗಮನಿಸಿ, ಆದರೆ ಅದರ ಮೇಲೆ ತೀರ್ಪು ಕೊಡಬೇಡಿ

ವಸ್ತುವನ್ನು ಬರಿಗಣ್ಣಿನಿಂದ ನೋಡಿ, ಆಮೇಲೆ ಮಸೂರದ ಅಥವಾ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ. ಬೇರೆಬೇರೆ ಬಣ್ಣದ ಅಥವಾ ಆಕಾರದ ಕಣಗಳು ಕಂಡರೆ, ಪದರಗಳು ಬೇರ್ಪಟ್ಟಿದ್ದರೆ, ತಳದಲ್ಲಿ ಗಸಿ ಕೂತಿದ್ದರೆ ಅದು ಬಹುತೇಕ ಅಸಮರೂಪ ಮಿಶ್ರಣ, ಅಂದರೆ ಒಂದೊಂದು ಭಾಗದಲ್ಲಿ ಒಂದೊಂದು ಸಂಯೋಜನೆಯಿರುವ ಮಿಶ್ರಣ. ಮರಳು ಬೆರೆತ ನೀರು, ಗ್ರಾನೈಟ್ ಶಿಲೆ ಈ ಗುಂಪಿಗೆ ಸೇರುತ್ತವೆ. ಇಲ್ಲೊಂದು ಎಚ್ಚರಿಕೆ ಬೇಕು. ನೀರಿನಲ್ಲಿ ತೇಲುವ ಮಂಜುಗಡ್ಡೆಯಲ್ಲೂ ಎರಡು ಭಾಗಗಳು ಕಾಣುತ್ತವೆ, ಆದರೆ ಎರಡೂ ಒಂದೇ ವಸ್ತುವಿನ ಎರಡು ಸ್ಥಿತಿಗಳು. ಭಾಗಗಳು ಕಂಡರೆ ಸಾಲದು, ಅವು ಬೇರೆ ಬೇರೆ ವಸ್ತುಗಳಾಗಿರಬೇಕು.

ಏಕರೂಪವಾಗಿ ಕಾಣುವುದೆಲ್ಲ ಒಂದೇ ವಸ್ತುವೆಂದು ನಂಬುವುದು ಇನ್ನೂ ದೊಡ್ಡ ತಪ್ಪು. ಹಾಲು ನೋಡಲು ಒಂದೇ ಸಮನಾಗಿರುತ್ತದೆ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಅದರೊಳಗೆ ತೇಲುವ ಕೊಬ್ಬಿನ ಹನಿಗಳು ಕಾಣುತ್ತವೆ. ಇಂಥವನ್ನು ಕಲಿಲ ಎನ್ನುತ್ತಾರೆ. ಕತ್ತಲೆಯ ಕೋಣೆಯಲ್ಲಿ ಕಲಿಲದ ಮೂಲಕ ಕಿರಿದಾದ ಬೆಳಕಿನ ಕಿರಣವನ್ನು ಹಾಯಿಸಿದರೆ ಕಿರಣದ ಹಾದಿ ಬದಿಯಿಂದ ಕಾಣುತ್ತದೆ, ಏಕೆಂದರೆ ಅದರ ಕಣಗಳು ಬೆಳಕನ್ನು ಚದುರಿಸುವಷ್ಟು ದೊಡ್ಡವು. ಹಾಲನ್ನು ಪರೀಕ್ಷಿಸುವುದಾದರೆ ಒಂದು ಲೋಟ ನೀರಿಗೆ ಕೆಲವೇ ಹನಿ ಹಾಕಿ ನೋಡುವುದು ಒಳ್ಳೆಯದು, ಗಟ್ಟಿ ಹಾಲಿನಲ್ಲಿ ಕಿರಣ ಒಳಹೋಗುವುದೇ ಇಲ್ಲ. ಉಪ್ಪು ಕರಗಿದ ಶುದ್ಧ ನೀರಿನಲ್ಲಿ ಈ ಹಾದಿ ಕಾಣುವುದಿಲ್ಲ. ಹಾಗೆಂದು ಉಪ್ಪುನೀರು ಒಂದೇ ವಸ್ತುವಲ್ಲ, ಅದು ಸಮರೂಪ ಮಿಶ್ರಣ. ಕಣ್ಣಿನ ಪರೀಕ್ಷೆ ಇಲ್ಲಿಗೆ ಮುಗಿಯಿತು. ಸಮರೂಪ ಮಿಶ್ರಣವನ್ನೂ ಶುದ್ಧ ವಸ್ತುವನ್ನೂ ನೋಟದಿಂದ ಬೇರ್ಪಡಿಸಲು ಸಾಧ್ಯವಿಲ್ಲ.

ಎರಡನೆಯ ಹೆಜ್ಜೆ: ಭೌತಿಕ ವಿಧಾನಗಳಿಂದ ಬೇರ್ಪಡುತ್ತದೆಯೇ ನೋಡಿ

ಮಿಶ್ರಣದ ಘಟಕಗಳು ಬೆರೆತಿದ್ದರೂ ತಮ್ಮ ತಮ್ಮ ಗುಣಗಳನ್ನು ಬಿಟ್ಟುಕೊಟ್ಟಿರುವುದಿಲ್ಲ. ಬೇರ್ಪಡಿಸುವ ಎಲ್ಲ ಭೌತಿಕ ವಿಧಾನಗಳೂ ಈ ಒಂದು ಸಂಗತಿಯನ್ನು ಆಧರಿಸಿವೆ. ಘಟಕಗಳ ನಡುವೆ ಯಾವ ಗುಣದಲ್ಲಿ ವ್ಯತ್ಯಾಸವಿದೆ ಎಂದು ಯೋಚಿಸಿದರೆ ವಿಧಾನ ತಾನಾಗಿಯೇ ಹೊಳೆಯುತ್ತದೆ. ಒಂದು ಅಯಸ್ಕಾಂತಕ್ಕೆ ಅಂಟಿಕೊಂಡು ಇನ್ನೊಂದು ಅಂಟಿಕೊಳ್ಳದಿದ್ದರೆ ಅಯಸ್ಕಾಂತ ಸಾಕು. ಒಂದು ನೀರಿನಲ್ಲಿ ಕರಗಿ ಇನ್ನೊಂದು ಕರಗದಿದ್ದರೆ ನೀರು ಹಾಕಿ ಕದಡಿ ಸೋಸಬೇಕು. ದ್ರವದಲ್ಲಿ ಘನವಸ್ತು ಕರಗಿದ್ದರೆ ದ್ರವವನ್ನು ಆವಿಯಾಗಿಸಬೇಕು, ಆ ದ್ರವವೂ ಬೇಕೆಂದಿದ್ದರೆ ಆವಿಯನ್ನು ತಣಿಸಿ ಹಿಡಿದುಕೊಳ್ಳಬೇಕು. ಹೀಗೆ ಹಿಡಿಯುವ ವಿಧಾನವೇ ಆಸವನ. ಕುದಿಬಿಂದುಗಳು ಹತ್ತಿರ ಹತ್ತಿರವಿರುವ ದ್ರವಗಳಿಗೆ ಆಂಶಿಕ ಆಸವನ, ಅಂದರೆ ಆವಿಯನ್ನು ಮತ್ತೆ ಮತ್ತೆ ತಣಿಸಿ ಆವಿಯಾಗಿಸಿ ಘಟಕಗಳನ್ನು ಒಂದೊಂದಾಗಿ ಹಿಡಿಯುವ ಆಸವನ, ಬೇಕಾಗುತ್ತದೆ. ಶಾಯಿಯಂಥ ಬಣ್ಣಗಳ ಮಿಶ್ರಣಕ್ಕೆ ಒಂದು ಸೋಸುಕಾಗದದ ಪಟ್ಟಿ ಸಾಕು. ಪಟ್ಟಿಯ ತುದಿಯಿಂದ ಸ್ವಲ್ಪ ಮೇಲೆ ಶಾಯಿಯ ಚುಕ್ಕೆಯಿಟ್ಟು, ತುದಿ ಮಾತ್ರ ನೀರನ್ನು ಮುಟ್ಟುವಂತೆ ನಿಲ್ಲಿಸಿದರೆ, ನೀರು ಕಾಗದದಲ್ಲಿ ಮೇಲೇರುವಾಗ ಶಾಯಿಯೊಳಗಿನ ಬಣ್ಣಗಳು ಬೇರೆ ಬೇರೆ ಎತ್ತರಕ್ಕೆ ಸಾಗಿ ನಿಲ್ಲುತ್ತವೆ. ಇದಕ್ಕೆ ಕ್ರೊಮ್ಯಾಟೊಗ್ರಫಿ ಎಂದು ಹೆಸರು. ಶಾಯಿ ನೀರಿನಲ್ಲಿ ಕರಗುವಂಥದ್ದಾಗಿರಬೇಕು ಎಂಬುದನ್ನು ಮರೆಯಬಾರದು.

ಗಾಳಿಯನ್ನು ಕೂಡ ಹೀಗೆಯೇ ಬೇರ್ಪಡಿಸುತ್ತಾರೆ. ಒಣಗಾಳಿಯ ಗಾತ್ರದಲ್ಲಿ ಸುಮಾರು 78 ಪಾಲು ಸಾರಜನಕ, 21 ಪಾಲು ಆಮ್ಲಜನಕ, ಹೆಚ್ಚುಕಡಿಮೆ ಒಂದು ಪಾಲು ಆರ್ಗಾನ್ ಇದೆ. ಗಾಳಿಯನ್ನು ತೀವ್ರವಾಗಿ ತಣಿಸಿ ದ್ರವವಾಗಿಸಿ, ಆ ದ್ರವವನ್ನು ನಿಧಾನವಾಗಿ ಬಿಸಿಯೇರಲು ಬಿಟ್ಟರೆ ಸಾರಜನಕ −196 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಆರ್ಗಾನ್ −186ರಲ್ಲಿಯೂ ಆಮ್ಲಜನಕ −183ರಲ್ಲಿಯೂ ಕುದಿಯುವ ಕಾರಣದಿಂದ ಅವುಗಳನ್ನು ಆಂಶಿಕ ಆಸವನದ ಮೂಲಕ ಬಿಡಿಸಿಕೊಳ್ಳಬಹುದು. ಇಲ್ಲಿ ಯಾವ ರಾಸಾಯನಿಕ ಬಂಧವೂ ಮುರಿಯುವುದಿಲ್ಲ. ಗಾಳಿ ಮಿಶ್ರಣ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಆದರೆ ಬೇರ್ಪಡಲಿಲ್ಲ ಎಂಬುದು ಶುದ್ಧತೆಗೆ ಪೂರ್ಣ ಸಾಕ್ಷ್ಯವಲ್ಲ. ನಾವು ಬಳಸಿದ ವಿಧಾನಕ್ಕೆ ಬೇರ್ಪಡಿಸುವ ಶಕ್ತಿ ಇಲ್ಲದೆಯೂ ಇರಬಹುದು. ಇದನ್ನು ಮನಗಾಣಿಸುವ ಘಟನೆಯೊಂದು ರಸಾಯನಶಾಸ್ತ್ರದ ಇತಿಹಾಸದಲ್ಲೇ ಇದೆ. ಗಾಳಿಯಿಂದ ಆಮ್ಲಜನಕ, ನೀರಾವಿ, ಇಂಗಾಲದ ಡೈಆಕ್ಸೈಡ್‌ಗಳನ್ನು ತೆಗೆದುಹಾಕಿದ ಮೇಲೆ ಉಳಿಯುವುದೆಲ್ಲ ಶುದ್ಧ ಸಾರಜನಕ ಎಂದೇ ಬಹುಕಾಲ ನಂಬಿಕೆಯಿತ್ತು. ಲಾರ್ಡ್ ರೇಲಿ ಅದನ್ನು ತೂಗಿದಾಗ ಒಂದು ಲೀಟರಿಗೆ ಸುಮಾರು 1.257 ಗ್ರಾಂ ಬಂದರೆ, ಅಮೋನಿಯದಂಥ ಸಂಯುಕ್ತಗಳಿಂದ ಪಡೆದ ಸಾರಜನಕ ಸುಮಾರು 1.251 ಗ್ರಾಂ ಮಾತ್ರ ತೂಗಿತು. ವ್ಯತ್ಯಾಸ ನೂರಕ್ಕೆ ಸುಮಾರು 0.5 ಪಾಲು ಮಾತ್ರ. ಕಡೆಗಣಿಸಬಹುದಾಗಿದ್ದ ಈ ವ್ಯತ್ಯಾಸವನ್ನು ಅವರು ಬಿಡಲಿಲ್ಲ. ವಿಲಿಯಂ ರಾಮ್ಸೆಯವರೊಂದಿಗೆ ಸೇರಿ 1894ರಲ್ಲಿ ಅವರು ಪ್ರಕಟಿಸಿದ್ದು, ‘ಶುದ್ಧ ಸಾರಜನಕ’ದೊಳಗೆ ಅಡಗಿದ್ದ ಹೊಸ ಧಾತುವನ್ನು. ಅದೇ ಆರ್ಗಾನ್. ಧಾತುವೆಂದು ಎಲ್ಲರೂ ಒಪ್ಪಿದ್ದ ಒಂದು ಅನಿಲದ ಮಾದರಿ ಮಿಶ್ರಣವೆಂದು ತಿಳಿದದ್ದು ಬರಿಯ ಸಾಂದ್ರತೆಯ ಎಚ್ಚರದ ಅಳತೆಯಿಂದ. ವಿದ್ಯಾರ್ಥಿಗಳಿಗೆ ಈ ಪಾಠದಲ್ಲಿ ಒಂದೇ ಒಂದು ಕಥೆ ಹೇಳಬೇಕೆಂದರೆ ಇದನ್ನೇ ಹೇಳಬೇಕೆಂಬುದು ನನ್ನ ಅಭಿಪ್ರಾಯ.

ಮೂರನೆಯ ಹೆಜ್ಜೆ: ಕರಗುವ ಮತ್ತು ಕುದಿಯುವ ಉಷ್ಣತೆಯನ್ನು ಅಳೆಯಿರಿ

ಶುದ್ಧ ವಸ್ತು, ಧಾತುವಾಗಲಿ ಸಂಯುಕ್ತವಾಗಲಿ, ನಿರ್ದಿಷ್ಟ ಒತ್ತಡದಲ್ಲಿ ನಿರ್ದಿಷ್ಟ ಉಷ್ಣತೆಯಲ್ಲಿ ಕುದಿಯುತ್ತದೆ, ಕೊನೆಯ ಹನಿಯವರೆಗೂ ಆ ಉಷ್ಣತೆ ಬದಲಾಗುವುದಿಲ್ಲ. ಶುದ್ಧ ನೀರು ಸಾಮಾನ್ಯ ವಾಯುಭಾರದಲ್ಲಿ 100 ಡಿಗ್ರಿಯಲ್ಲಿ ಕುದಿಯುತ್ತದೆ. ಉಪ್ಪುನೀರು ಅದಕ್ಕಿಂತ ಸ್ವಲ್ಪ ಮೇಲೆ ಕುದಿಯಲಾರಂಭಿಸುತ್ತದೆ, ಮತ್ತು ನೀರು ಆವಿಯಾಗಿ ಹೋದಂತೆ ಉಳಿದ ದ್ರಾವಣ ಇನ್ನಷ್ಟು ಗಾಢವಾಗುವುದರಿಂದ ಉಷ್ಣತಾಮಾಪಕದ ಅಂಕಿ ನಿಧಾನವಾಗಿ ಮೇಲೇರುತ್ತಲೇ ಹೋಗುತ್ತದೆ. ಕುದಿಯುವಾಗ ಏರುತ್ತಿರುವ ಈ ಅಂಕಿಯೇ ಮಿಶ್ರಣದ ಗುರುತು. ಘನವಸ್ತುಗಳಲ್ಲಿಯೂ ಹೀಗೆಯೇ. ಶುದ್ಧ ವಸ್ತು ಒಂದು ಚೂಪಾದ ಬಿಂದುವಿನಲ್ಲಿ ಕರಗುತ್ತದೆ. ಕಲಬೆರಕೆಯಾದದ್ದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲೇ ಮೆತ್ತಗಾಗತೊಡಗಿ, ಹಲವು ಡಿಗ್ರಿಗಳ ಅಂತರದಲ್ಲಿ ಕರಗಿ ಮುಗಿಯುತ್ತದೆ. ಪ್ರಯೋಗಾಲಯಗಳಲ್ಲಿ ಹೊಸದಾಗಿ ತಯಾರಿಸಿದ ಸಾವಯವ ವಸ್ತುವಿನ ಶುದ್ಧತೆಯನ್ನು ಪರೀಕ್ಷಿಸಲು ಇಂದಿಗೂ ಈ ವಿಧಾನ ಬಳಕೆಯಲ್ಲಿದೆ.

ಈ ನಿಯಮಕ್ಕೆ ಅಪವಾದಗಳಿವೆ, ಅವನ್ನು ಆರಂಭದಲ್ಲೇ ತಿಳಿದಿರುವುದು ಒಳ್ಳೆಯದು. ತೂಕದಲ್ಲಿ ಸುಮಾರು 95.6 ಪಾಲು ಎಥನಾಲ್ ಮತ್ತು 4.4 ಪಾಲು ನೀರು ಇರುವ ಮಿಶ್ರಣ 78.2 ಡಿಗ್ರಿಯ ಸ್ಥಿರ ಉಷ್ಣತೆಯಲ್ಲಿ, ಸಂಯೋಜನೆ ಬದಲಾಗದೆ ಕುದಿಯುತ್ತದೆ. ಸಾಧಾರಣ ಆಸವನದಿಂದ ಅದನ್ನು ಇನ್ನಷ್ಟು ಶುದ್ಧಗೊಳಿಸಲಾಗದು. ತವರ ಮತ್ತು ಸೀಸವನ್ನು ಒಂದು ಗೊತ್ತಾದ ಪ್ರಮಾಣದಲ್ಲಿ ಬೆರೆಸಿದ ಬೆಸುಗೆಲೋಹ 183 ಡಿಗ್ರಿಯಲ್ಲಿ ಚೂಪಾಗಿ ಕರಗುತ್ತದೆ, ತವರ ತಾನೇ ಕರಗಲು 232 ಡಿಗ್ರಿ ಬೇಕು. ಇವು ಸಂಯುಕ್ತಗಳಲ್ಲ. ಒತ್ತಡವನ್ನು ಬದಲಿಸಿದರೆ ಎಥನಾಲ್–ನೀರಿನ ಆ ವಿಶೇಷ ಪ್ರಮಾಣವೂ ಬದಲಾಗುತ್ತದೆ. ಸಂಯುಕ್ತವಾಗಿದ್ದರೆ ಒತ್ತಡ ಬದಲಾದಾಗ ಕುದಿಬಿಂದು ಬದಲಾಗುತ್ತಿತ್ತೇ ಹೊರತು ಘಟಕಗಳ ಪ್ರಮಾಣ ಬದಲಾಗುತ್ತಿರಲಿಲ್ಲ. ಆದ್ದರಿಂದ ಒಂದೇ ಅಳತೆಯನ್ನು ನೆಚ್ಚಿಕೊಳ್ಳದೆ ಮುಂದಿನ ಪರೀಕ್ಷೆಗೆ ಹೋಗಬೇಕು.

ನಾಲ್ಕನೆಯ ಹೆಜ್ಜೆ: ಪ್ರಮಾಣ ನಿಶ್ಚಿತವೇ ಎಂದು ಕೇಳಿ

ಸಂಯುಕ್ತಕ್ಕೂ ಮಿಶ್ರಣಕ್ಕೂ ಇರುವ ಅತ್ಯಂತ ಆಳವಾದ ವ್ಯತ್ಯಾಸ ಇಲ್ಲಿದೆ. ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪು ಹಾಕಿದರೂ ಎರಡು ಚಮಚ ಹಾಕಿದರೂ ಆಗುವುದು ಉಪ್ಪುನೀರೇ. ಆದರೆ ನೀರನ್ನು ಎಲ್ಲಿಂದ ತಂದರೂ, ಶುದ್ಧೀಕರಿಸಿ ವಿಭಜಿಸಿದರೆ, ಅದರಲ್ಲಿ ತೂಕದ ಲೆಕ್ಕದಲ್ಲಿ ಒಂದು ಪಾಲು ಜಲಜನಕಕ್ಕೆ ಹೆಚ್ಚುಕಡಿಮೆ ಎಂಟು ಪಾಲು ಆಮ್ಲಜನಕ ಇರುತ್ತದೆ. ಫ್ರಾನ್ಸಿನ ಜೋಸೆಫ್ ಪ್ರೂಸ್ಟ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇದನ್ನು ನಿಯಮವಾಗಿ ಮಂಡಿಸಿದಾಗ, ಕ್ಲಾಡ್ ಬರ್ತೊಲೆ ಅದನ್ನು ಒಪ್ಪದೆ ಸಂಯುಕ್ತಗಳ ಪ್ರಮಾಣವೂ ಬದಲಾಗಬಹುದೆಂದು ವಾದಿಸಿದರು. ಬರ್ತೊಲೆಯವರು ಆಧಾರವಾಗಿ ಕೊಟ್ಟ ಉದಾಹರಣೆಗಳಲ್ಲಿ ಹಲವು ಮಿಶ್ರಣಗಳೆಂಬುದನ್ನು ಪ್ರೂಸ್ಟ್ ತೋರಿಸಿದರು. ಎರಡನೆಯ ಹೆಜ್ಜೆಯನ್ನು ದಾಟದೆ ನಾಲ್ಕನೆಯದಕ್ಕೆ ಬಂದರೆ ಎಂಥ ವಿದ್ವಾಂಸರೂ ದಾರಿ ತಪ್ಪಬಹುದು ಎಂಬುದಕ್ಕೆ ಆ ವಾದವೇ ನಿದರ್ಶನ. ಪ್ರಮಾಣ ಸ್ವಲ್ಪ ಹೆಚ್ಚುಕಡಿಮೆಯಾಗುವ ಕೆಲವು ಘನ ಸಂಯುಕ್ತಗಳು, ಉದಾಹರಣೆಗೆ ಕಬ್ಬಿಣದ ಒಂದು ಆಕ್ಸೈಡ್, ನಿಜಕ್ಕೂ ಇವೆ ಎಂಬುದು ಆಮೇಲೆ ತಿಳಿದುಬಂತು. ಆರಂಭಿಕ ಹಂತದಲ್ಲಿ ಅವುಗಳ ಚಿಂತೆ ಬೇಡ.

ಅವೇ ಎರಡು ಧಾತುಗಳು ಬೇರೊಂದು ನಿಶ್ಚಿತ ಪ್ರಮಾಣದಲ್ಲಿ ಕೂಡಿದರೆ ಬೇರೆಯೇ ಸಂಯುಕ್ತವಾಗುತ್ತದೆ. 3 ಗ್ರಾಂ ಇಂಗಾಲ 4 ಗ್ರಾಂ ಆಮ್ಲಜನಕದೊಡನೆ ಕೂಡಿದರೆ ವಿಷಕಾರಿಯಾದ ಇಂಗಾಲದ ಮಾನಾಕ್ಸೈಡ್, 8 ಗ್ರಾಂನೊಡನೆ ಕೂಡಿದರೆ ನಮ್ಮ ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್. ಇವೆರಡರ ನಡುವೆ ಮೆಲ್ಲಮೆಲ್ಲನೆ ಬದಲಾಗುವ ಸರಣಿಯಿಲ್ಲ, ನಾಲ್ಕರಿಂದ ಎಂಟಕ್ಕೆ ನೇರ ಜಿಗಿತ. ಜಾನ್ ಡಾಲ್ಟನ್ ಇಂಥ ಜಿಗಿತಗಳಿಗೆ ಪರಮಾಣು ಸಿದ್ಧಾಂತದಲ್ಲಿ ಕಾರಣ ಕಂಡರು. ಪರಮಾಣುಗಳು ಬಿಡಿಬಿಡಿಯಾಗಿ ಕೂಡುವುದರಿಂದ ಒಂದಕ್ಕೊಂದು, ಒಂದಕ್ಕೆರಡು ಎಂಬ ಪ್ರಮಾಣ ಸಾಧ್ಯ, ಒಂದಕ್ಕೆ ಒಂದೂಕಾಲು ಎಂಬ ಅಣು ಸಾಧ್ಯವಿಲ್ಲ.

ಕಬ್ಬಿಣ ಮತ್ತು ಗಂಧಕದ ಪ್ರಯೋಗ

ಈವರೆಗಿನ ಹೆಜ್ಜೆಗಳೆಲ್ಲ ಒಂದೇ ಪ್ರಯೋಗದಲ್ಲಿ ಸೇರಿ ಬರುವುದನ್ನು ನೋಡಬೇಕಾದರೆ ಶಾಲಾ ಪ್ರಯೋಗಾಲಯದಲ್ಲಿ ಶಿಕ್ಷಕರ ಸಮ್ಮುಖದಲ್ಲಿ ಇದನ್ನು ಮಾಡಬಹುದು. 7 ಗ್ರಾಂ ಕಬ್ಬಿಣದ ಪುಡಿಯನ್ನೂ 4 ಗ್ರಾಂ ಗಂಧಕದ ಪುಡಿಯನ್ನೂ ಚೆನ್ನಾಗಿ ಬೆರೆಸಿ. ಬಣ್ಣ ಬೂದುಮಿಶ್ರಿತ ಹಳದಿಯಾಗುತ್ತದೆ, ಮಸೂರದಲ್ಲಿ ಎರಡೂ ಕಣಗಳು ಬೇರೆಬೇರೆಯಾಗಿ ಕಾಣುತ್ತವೆ. ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಆಡಿಸಿದರೆ ಕಬ್ಬಿಣ ಎದ್ದುಬರುತ್ತದೆ. ಇದೇ ಮಿಶ್ರಣದ ಸ್ವಲ್ಪ ಭಾಗವನ್ನು ಗಟ್ಟಿ ಗಾಜಿನ ಪ್ರನಾಳದಲ್ಲಿ ಹಾಕಿ ತಳವನ್ನು ಕಾಯಿಸಿ. ಒಂದು ಕಡೆ ಕೆಂಪಗೆ ಹೊಳೆಯಲಾರಂಭಿಸಿದ ಕೂಡಲೇ ಉರಿಯನ್ನು ತೆಗೆದರೂ ಆ ಹೊಳಪು ತಾನಾಗಿಯೇ ಉಳಿದ ಭಾಗಕ್ಕೆ ಹಬ್ಬುತ್ತದೆ, ಏಕೆಂದರೆ ಕಬ್ಬಿಣ ಮತ್ತು ಗಂಧಕ ಕೂಡುವಾಗ ಶಾಖ ಹೊರಬೀಳುತ್ತದೆ. ತಣಿದ ಮೇಲೆ ಸಿಗುವ ಕಪ್ಪು ಗಟ್ಟಿ ಕಬ್ಬಿಣದ ಸಲ್ಫೈಡ್. ಪ್ರಮಾಣ ಸರಿಯಾಗಿದ್ದು ಕ್ರಿಯೆ ಪೂರ್ಣವಾಗಿ ನಡೆದಿದ್ದರೆ ಅಯಸ್ಕಾಂತ ಅದರಿಂದ ಕಬ್ಬಿಣವನ್ನು ಬಿಡಿಸಲಾರದು. ಹೊರಬಂದ ಗಂಧಕದ ಆವಿ ಉರಿದರೆ ಕಟುವಾದ ಹೊಗೆ ಬರುವುದರಿಂದ ಪ್ರನಾಳದ ಬಾಯಿಯನ್ನು ಖನಿಜ ಉಣ್ಣೆಯಿಂದ ಸಡಿಲವಾಗಿ ಮುಚ್ಚಿ, ಹೊಗೆಗೂಡಿನಲ್ಲಿಟ್ಟೇ ಇದನ್ನು ಮಾಡಬೇಕು.

ಇನ್ನೊಂದು ಪರೀಕ್ಷೆ ವ್ಯತ್ಯಾಸವನ್ನು ಮತ್ತಷ್ಟು ಸ್ಪಷ್ಟಪಡಿಸುತ್ತದೆ. ಕಾಯಿಸದ ಮಿಶ್ರಣಕ್ಕೆ ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಹೈಡ್ರೊಕ್ಲೋರಿಕ್ ಆಮ್ಲ ಹಾಕಿದರೆ ಕಬ್ಬಿಣ ತನ್ನ ಗುಣದಂತೆ ಜಲಜನಕವನ್ನು ಹೊರಬಿಡುತ್ತದೆ, ಗಂಧಕ ಹಾಗೆಯೇ ಉಳಿಯುತ್ತದೆ. ಸಲ್ಫೈಡಿಗೆ ಹಾಕಿದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡ್ ಬರುತ್ತದೆ. ಅದು ವಿಷಾನಿಲ, ಆದ್ದರಿಂದ ಈ ಭಾಗವನ್ನು ಶಿಕ್ಷಕರೇ ಹೊಗೆಗೂಡಿನಲ್ಲಿ ತೋರಿಸಬೇಕು. ಮಿಶ್ರಣದಲ್ಲಿ ಘಟಕಗಳ ಗುಣ ಉಳಿಯುತ್ತದೆ, ಸಂಯುಕ್ತದಲ್ಲಿ ಹೊಸ ಗುಣ ಹುಟ್ಟುತ್ತದೆ ಎಂಬ ಮಾತಿಗೆ ಇಲ್ಲಿ ಪ್ರತ್ಯಕ್ಷ ಆಧಾರವಿದೆ.

ಕೂಡಿದಾಗ ಬಿಸಿಯಾಯಿತು ಎಂಬುದೊಂದನ್ನೇ ಸಂಯುಕ್ತದ ಗುರುತೆಂದು ಭಾವಿಸಬಾರದು. ಎಥನಾಲ್ ಮತ್ತು ನೀರನ್ನು ಬೆರೆಸಿದರೂ ಸ್ವಲ್ಪ ಬಿಸಿಯಾಗುತ್ತದೆ, ಆದರೂ ಅದು ಮಿಶ್ರಣವೇ.

ಐದನೆಯ ಹೆಜ್ಜೆ: ಶುದ್ಧ ವಸ್ತುವನ್ನು ಇನ್ನೂ ಸರಳ ವಸ್ತುಗಳಾಗಿ ಒಡೆಯಬಹುದೇ?

ಇಷ್ಟಾದ ಮೇಲೆ ಕೈಯಲ್ಲಿರುವುದು ಶುದ್ಧ ವಸ್ತುವೆಂದು ಖಚಿತವಾಗಿದ್ದರೆ ಉಳಿದದ್ದು ಒಂದೇ ಪ್ರಶ್ನೆ. ಕಾಯಿಸಿ, ವಿದ್ಯುತ್ ಹಾಯಿಸಿ, ಬೇರೆ ವಸ್ತುಗಳೊಡನೆ ವರ್ತಿಸುವಂತೆ ಮಾಡಿ ಅದನ್ನು ಒಡೆಯಲು ಸಾಧ್ಯವಾದರೆ ಅದು ಸಂಯುಕ್ತ. ಪಾದರಸದ ಕೆಂಪು ಆಕ್ಸೈಡನ್ನು ಕಾಯಿಸಿದರೆ ಸಾಕು, ಪಾದರಸ ಮತ್ತು ಆಮ್ಲಜನಕ ಬೇರೆಯಾಗುತ್ತವೆ. ಜೋಸೆಫ್ ಪ್ರೀಸ್ಟ್ಲಿ 1774ರಲ್ಲಿ ಆಮ್ಲಜನಕವನ್ನು ಪಡೆದದ್ದು ಹೀಗೆಯೇ. ಪಾದರಸದ ಆವಿ ವಿಷವಾದ್ದರಿಂದ ಇದನ್ನು ಓದಿ ತಿಳಿಯಬೇಕೇ ಹೊರತು ಮಾಡಿ ನೋಡಬಾರದು. ನೀರು ಕಾಯಿಸಿದ ಮಾತ್ರಕ್ಕೆ ಒಡೆಯುವುದಿಲ್ಲ. ಆವಿಯೂ ನೀರೇ. ಅದಕ್ಕೆ ಸ್ವಲ್ಪ ಆಮ್ಲ ಬೆರೆಸಿ ವಿದ್ಯುತ್ ಹಾಯಿಸಿದರೆ ಒಂದು ವಿದ್ಯುದ್ವಾರದಲ್ಲಿ ಜಲಜನಕ, ಇನ್ನೊಂದರಲ್ಲಿ ಆಮ್ಲಜನಕ, ಗಾತ್ರದಲ್ಲಿ ಎರಡಕ್ಕೊಂದರಂತೆ ಬರುತ್ತವೆ. ನಿಕೋಲ್ಸನ್ ಮತ್ತು ಕಾರ್ಲೈಲ್ 1800ರಲ್ಲಿ ವಿದ್ಯುತ್ತಿನಿಂದ ನೀರನ್ನು ಹೀಗೆ ವಿಭಜಿಸಿದರು.

ಒಡೆಯದಿದ್ದರೆ ಅದು ಧಾತುವೇ? ಇಲ್ಲಿ ಆತುರ ಬೇಡ. ಲವೋಸಿಯೆ 1789ರಲ್ಲಿ 33 ಸರಳ ವಸ್ತುಗಳ ಪಟ್ಟಿ ಮಾಡಿದಾಗ ಸುಣ್ಣ ಮತ್ತು ಮೆಗ್ನೀಷಿಯಾ ಅದರಲ್ಲಿದ್ದವು, ಏಕೆಂದರೆ ಅಂದಿನ ಯಾವ ವಿಧಾನಕ್ಕೂ ಅವು ಒಡೆದಿರಲಿಲ್ಲ. 1808ರಲ್ಲಿ ಹಂಫ್ರಿ ಡೇವಿ ವಿದ್ಯುತ್ತಿನ ನೆರವಿನಿಂದ ಅವುಗಳಿಂದ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲೋಹಗಳನ್ನು ಪಡೆದಾಗ ಅವು ಆಕ್ಸೈಡುಗಳೆಂಬುದು ಸಾಬೀತಾಯಿತು. ‘ಒಡೆಯಲಿಲ್ಲ’ ಎಂಬ ನಕಾರಾತ್ಮಕ ಸಾಕ್ಷ್ಯದ ಜಾಗದಲ್ಲಿ ನೇರ ಅಳತೆ ಬಂದದ್ದು 1913ರಲ್ಲಿ. ಹೆನ್ರಿ ಮೋಸ್ಲಿ ಧಾತುಗಳು ಹೊರಸೂಸುವ ಕ್ಷ-ಕಿರಣಗಳನ್ನು ಅಳೆದು, ಪ್ರತಿ ಧಾತುವಿಗೂ ಅದರದೇ ಆದ ಪರಮಾಣು ಸಂಖ್ಯೆ ಇರುವುದನ್ನು ತೋರಿಸಿದರು. ಆ ಸಂಖ್ಯೆ ಪರಮಾಣುವಿನ ಬೀಜಕೇಂದ್ರದಲ್ಲಿರುವ ಪ್ರೋಟಾನುಗಳ ಸಂಖ್ಯೆ. ಇಂದು ಒಂದರಿಂದ 118ರವರೆಗೆ ಒಂದೂ ಖಾಲಿಯಿಲ್ಲದಂತೆ ಧಾತುಗಳು ತುಂಬಿವೆ. ಶಾಲೆಯ ಮಟ್ಟದಲ್ಲಿ ವಸ್ತುವಿನ ಹೆಸರು ಗೊತ್ತಿದ್ದರೆ ಆವರ್ತಕ ಕೋಷ್ಟಕವನ್ನು ನೋಡುವುದೇ ಕೊನೆಯ ತೀರ್ಪು. ಕೋಷ್ಟಕದಲ್ಲಿದ್ದರೆ ಧಾತು, ಇಲ್ಲದಿದ್ದರೆ ಅಲ್ಲ.

ಸಾಮಾನ್ಯವಾಗಿ ಗೊಂದಲವಾಗುವ ಕಡೆಗಳು

ಅಣು ಮತ್ತು ಸಂಯುಕ್ತವನ್ನು ಒಂದೇ ಎಂದು ತಿಳಿಯುವುದು ಬಹಳ ಸಾಮಾನ್ಯ. ಆಮ್ಲಜನಕದ ಅಣುವಿನಲ್ಲಿ ಎರಡು, ಗಂಧಕದ ಅಣುವಿನಲ್ಲಿ ಎಂಟು ಪರಮಾಣುಗಳು ಬಂಧದಿಂದ ಸೇರಿವೆ. ಆದರೂ ಅವು ಒಂದೇ ಬಗೆಯವಾದ್ದರಿಂದ ಎರಡೂ ಧಾತುಗಳೇ. ಇದಕ್ಕೆ ವಿರುದ್ಧವಾಗಿ ಅಡುಗೆ ಉಪ್ಪಿನಲ್ಲಿ ಬಿಡಿ ಅಣುಗಳೇ ಇಲ್ಲ. ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು (ವಿದ್ಯುದಾವೇಶವುಳ್ಳ ಕಣಗಳು) ಸ್ಫಟಿಕದ ಉದ್ದಗಲಕ್ಕೂ ಒಂದಕ್ಕೊಂದರಂತೆ ಜೋಡಣೆಗೊಂಡಿವೆ, ಆದರೂ ಅದು ಸಂಯುಕ್ತ. ಬಂಧವಿದೆಯೇ ಎಂದು ಕೇಳಿದರೆ ಸಾಲದು, ಬಂಧದಲ್ಲಿರುವುದು ಎಷ್ಟು ಬಗೆಯ ಪರಮಾಣುಗಳು ಎಂದು ಕೇಳಬೇಕು.

ವಜ್ರ ಮತ್ತು ಗ್ರಾಫೈಟ್ ಗುಣದಲ್ಲಿ ಅಜಗಜಾಂತರವಿದ್ದರೂ ಎರಡೂ ಇಂಗಾಲವೇ, ಪರಮಾಣುಗಳ ಜೋಡಣೆ ಮಾತ್ರ ಬೇರೆ. ಹಿತ್ತಾಳೆ, ಕಂಚು, ಉಕ್ಕು ಮುಂತಾದ ಮಿಶ್ರಲೋಹಗಳನ್ನು ಮಿಶ್ರಣಗಳೆಂದೇ ಎಣಿಸುತ್ತಾರೆ. ಹಿತ್ತಾಳೆಯಲ್ಲಿ ತಾಮ್ರ ಮತ್ತು ಸತುವಿನ ಪ್ರಮಾಣವನ್ನು ಬೇಕಾದಂತೆ ಬದಲಿಸಬಹುದು ಎಂಬುದೇ ಅದಕ್ಕೆ ಕಾರಣ. ಸೋಸುವಿಕೆಯಂಥ ಸುಲಭ ವಿಧಾನದಿಂದ ಅವು ಬೇರ್ಪಡುವುದಿಲ್ಲ ಎಂಬುದು ಈ ತೀರ್ಪನ್ನು ಬದಲಿಸುವುದಿಲ್ಲ.

ಕೊನೆಯದಾಗಿ ಒಂದು ಕಠಿಣ ಮಾದರಿ: ಮೈಲುತುತ್ತ

ಮೈಲುತುತ್ತದ ನೀಲಿ ಹರಳುಗಳನ್ನು ಕಾಯಿಸಿದರೆ ನೀರಾವಿ ಹೊರಬಂದು, ಹರಳು ಬಿಳಿಯ ಪುಡಿಯಾಗುತ್ತದೆ. ಆ ಪುಡಿಗೆ ನೀರು ಹಾಕಿದರೆ ನೀಲಿ ಬಣ್ಣ ಮರಳುತ್ತದೆ. ಒದ್ದೆ ಬಟ್ಟೆ ಒಣಗಿದಂತೆಯೇ ಇದೂ ಕಾಣುವುದರಿಂದ, ಇದು ತಾಮ್ರದ ಸಲ್ಫೇಟ್ ಮತ್ತು ನೀರಿನ ಮಿಶ್ರಣವೆಂದು ಹಲವರು ಬರೆಯುತ್ತಾರೆ. ಮೇಲಿನ ಹೆಜ್ಜೆಗಳನ್ನು ಇದಕ್ಕೆ ಅನ್ವಯಿಸಿ ನೋಡಿ. ಸೂಕ್ಷ್ಮದರ್ಶಕದಲ್ಲಿ ಎರಡು ಬಗೆಯ ಕಣಗಳಿಲ್ಲ, ಹರಳು ಮುಟ್ಟಿದರೆ ಒದ್ದೆಯಾಗಿಯೂ ಇಲ್ಲ. ಹರಳನ್ನು ತೂಗಿ, ನೀರು ಪೂರ್ತಿ ಹೋಗುವವರೆಗೆ ಹದವಾದ ಉರಿಯಲ್ಲಿ ಕಾಯಿಸಿ, ತಣಿಸಿ ಮತ್ತೆ ತೂಗಿದರೆ ತೂಕದಲ್ಲಿ ನೂರಕ್ಕೆ ಸುಮಾರು 36 ಪಾಲು ಕಡಿಮೆಯಾಗಿರುತ್ತದೆ. ಶುದ್ಧವಾದ ಯಾವ ಹರಳನ್ನು ತೆಗೆದುಕೊಂಡರೂ ಅದೇ 36. ಒದ್ದೆ ಬಟ್ಟೆಯಲ್ಲಿ ನೀರಿನ ಪ್ರಮಾಣ ಹೀಗೆ ನಿಶ್ಚಿತವಾಗಿರುವುದಿಲ್ಲ. ಲೆಕ್ಕ ಹಾಕಿದರೆ ತಾಮ್ರದ ಸಲ್ಫೇಟಿನ ಒಂದು ಘಟಕಕ್ಕೆ ಸರಿಯಾಗಿ ಐದು ನೀರಿನ ಅಣುಗಳು ಬರುತ್ತವೆ. ಅವು ಹರಳಿನ ರಚನೆಯ ಭಾಗವಾಗಿಯೇ ಬಂಧಗೊಂಡಿವೆ, ನೀಲಿ ಬಣ್ಣಕ್ಕೂ ಆ ಬಂಧವೇ ಕಾರಣ. ಆದ್ದರಿಂದ ನೀಲಿ ಹರಳು ಒಂದು ಸಂಯುಕ್ತ, ಕಾಯಿಸಿದಾಗ ಉಳಿಯುವ ಬಿಳಿಯ ಪುಡಿ ಇನ್ನೊಂದು ಸಂಯುಕ್ತ. ಅರ್ಧ ಕಾಯಿಸಿ ನಿಲ್ಲಿಸಿದಾಗ ಪ್ರನಾಳದಲ್ಲಿ ನೀಲಿಯೂ ಬಿಳಿಯೂ ಕಲೆತು ಕಾಣುವುದು ಮಾತ್ರ ಮಿಶ್ರಣ.